ಕೋಡಿ ಹರಿದಾಗ ಗಾಡಿ ನಿಲ್ಲಿಸಿ



ಇವತ್ತು ಮಳೆಯ ವಿಷಯ ಮಾತಾಡೋಣ. ಜೋರು ಮಳೆಯಲ್ಲಿ ಗಾಡಿ ಓಡಿಸೋ ವಿಷಯ ಮಾತಾಡೋಣ.

ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. "ಕೋಲಾರದಲ್ಲಿ ಮಳೆ ಎಲ್ಲಿದೆ ಸ್ವಾಮಿ? ಕುಡಿಯೋಕೇ ನೀರಿಲ್ಲ. ಪ್ರವಾಹದ ಪಾಠ ನಮಗ್ಯಾಕೆ?" ಅಂತ ಕೇಳಬಹುದು.

ಕೇಳೋದು ಸರಿಯೇ. ನಮ್ಮದು ಬರದ ಸೀಮೆ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಇದೆ. ಆದರೆ ಅದರಲ್ಲಿ ನೀರಿಗಿಂತ ಮರಳು ಕಂಡ ದಿನಗಳೇ ಹೆಚ್ಚು. ಸಾವಿರ ಅಡಿ ಮೀರಿ ಬೋರ್‌ವೆಲ್ ಕೊರೆಸಿದ ಜನ ನಾವು.

ಅದಕ್ಕೇ ಈ ಪಾಠ ನಮಗೆ ಬೇಕು. ಹೊಳೆ ದಂಡೆಯ ಜನಕ್ಕೆ ನೀರಿನ ಭಯ ಗೊತ್ತು. ನೀರು ಯಾವಾಗ ಏರುತ್ತೆ, ಎಲ್ಲಿ ಸುಳಿ ಇದೆ ಅನ್ನೋದನ್ನ ಅವರು ಚಿಕ್ಕಂದಿನಿಂದಲೇ ಕಲೀತಾರೆ. ನಮಗೆ ಆ ಅಭ್ಯಾಸ ಇಲ್ಲ. ನಮಗೆ ನೀರು ಕಂಡರೆ ಸಂತೋಷ. ಕೆರೆ ಕೋಡಿ ಬಿದ್ದರೆ ಹಬ್ಬ. ಬಾಗಿನ ಬಿಡ್ತೀವಿ. ಮಕ್ಕಳು ಮರಿ ಕಟ್ಟಿಕೊಂಡು ನೋಡೋಕೆ ಹೋಗ್ತೀವಿ. ಸಂತೋಷ ಪಡಬೇಡಿ ಅಂತ ಯಾರೂ ಹೇಳೋದಿಲ್ಲ. ಆದರೆ ರಸ್ತೆ ಮೇಲೆ ಹರಿಯೋ ಅದೇ ಕೋಡಿ ನೀರಿಗೆ ಬೈಕು ಇಳಿಸ್ತೀವಲ್ಲ, ಅಲ್ಲಿ ಹಬ್ಬ ಮುಗೀತು.

ನಡೆದ ಸಂಗತಿಗಳು

2021ರ ನವೆಂಬರ್ ತಿಂಗಳು ನೆನಪಿದೆಯಾ? ರಾಗಿ ಕೊಯ್ಲಿನ ಹೊತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ನಮ್ಮಲ್ಲಿ ಬಿಡದೆ ಮಳೆ ಸುರಿಯಿತು. ತೆನೆ ಹೊಲದಲ್ಲೇ ಮೊಳಕೆ ಬಂತು. ಟೊಮೆಟೊ ಗಿಡದಲ್ಲೇ ಕೊಳೆಯಿತು. ಎಷ್ಟೋ ವರ್ಷ ತುಂಬದ ಕೆರೆಗಳು ತುಂಬಿ ಕೋಡಿ ಹರಿದವು. ರಸ್ತೆ ಮೇಲೆ ನೀರು ಬಂದು ಹಳ್ಳಿ ಹಳ್ಳಿಗೆ ದಾರಿ ಕಡಿಯಿತು.

ಅದೇ ದಿನಗಳಲ್ಲಿ ಪಕ್ಕದ ಆಂಧ್ರದಲ್ಲಿ ಇನ್ನೂ ದೊಡ್ಡ ಅನಾಹುತ ಆಯಿತು. 2021ರ ನವೆಂಬರ್ 19. ಕಡಪ ಸೀಮೆಯ ರಾಜಂಪೇಟೆ ಹತ್ತಿರ ಚೆಯ್ಯೇರು ನದಿ ಇದೆ. ಅದರ ಮೇಲಿನ ಅನ್ನಮಯ್ಯ ಜಲಾಶಯದ ಕಟ್ಟೆ ಒಡೆಯಿತು. ರಸ್ತೆಯಲ್ಲಿದ್ದ ಸರ್ಕಾರಿ ಬಸ್ಸುಗಳು ನೀರಿಗೆ ಸಿಕ್ಕಿದವು. ಜನ ಬಸ್ಸಿನ ಮೇಲೆ ಹತ್ತಿ ನಿಂತರು. ಕೆಲವರನ್ನು ಉಳಿಸಿದರು. ಕೆಲವರು ಕೊಚ್ಚಿ ಹೋದರು. ಬಸ್ಸು ಎಷ್ಟು ಭಾರ ಇರುತ್ತೆ, ಯೋಚನೆ ಮಾಡಿ. ಅದನ್ನೇ ನೀರು ಬಿಡಲಿಲ್ಲ.

ನದಿಯೇ ಬೇಕು ಅಂತಿಲ್ಲ. 2023ರ ಮೇ 21ರಂದು ಬೆಂಗಳೂರಿನಲ್ಲಿ ಮಧ್ಯಾಹ್ನ ಜೋರು ಮಳೆ ಬಂತು. ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರು ತುಂಬಿತು. ಬಾಡಿಗೆ ಕಾರಿನಲ್ಲಿ ಊರು ನೋಡೋಕೆ ಬಂದಿದ್ದ ಒಂದು ಕುಟುಂಬ ಅದರಲ್ಲಿ ಸಿಕ್ಕಿಕೊಂಡಿತು. 22 ವರ್ಷದ ಹೆಣ್ಣುಮಗಳು ಜೀವ ಬಿಟ್ಟಳು. ಆ ಜಾಗ ವಿಧಾನಸೌಧಕ್ಕೆ ಹತ್ತಿರ. ಅಲ್ಲಿ ಹೊಳೆಯೂ ಇಲ್ಲ, ಕೆರೆಯೂ ಇಲ್ಲ. ಒಂದು ತಗ್ಗು, ಒಂದು ಮಳೆ, "ದಾಟಬಹುದು" ಅನ್ನುವ ಒಂದು ಲೆಕ್ಕಾಚಾರ. ಅಷ್ಟೇ ಸಾಕಾಯಿತು.

ಮಳೆ ನಿಂತ ಮೇಲೂ ನೀರು ಯಾಕೆ ಬರುತ್ತೆ?

ನಮ್ಮ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹಿರಿಯರು ಇವನ್ನು ಸರಪಳಿ ಹಾಗೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿಯುತ್ತೆ. ಆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಬರುತ್ತೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬಹಳ ಜಾಣತನದ ಕೆಲಸ ಇದು.

ಇದರಲ್ಲಿ ಗಾಡಿ ಓಡಿಸೋರು ತಿಳೀಬೇಕಾದ ಒಂದು ಮಾತಿದೆ. ನಿಮ್ಮ ಊರಲ್ಲಿ ಮಳೆ ನಿಂತಿರಬಹುದು. ಬಿಸಿಲೂ ಬಂದಿರಬಹುದು. ಆದರೆ ಮೇಲಿನ ಊರಿನ ಕೆರೆ ಈಗ ತುಂಬುತ್ತಿರಬಹುದು. ಅದರ ನೀರು ನಿಮ್ಮ ರಸ್ತೆಗೆ ಬರೋಕೆ ಕೆಲವು ಗಂಟೆ ಬೇಕು. ಬೆಳಿಗ್ಗೆ ಒಣಗಿದ್ದ ದಾರಿಯಲ್ಲಿ ಸಂಜೆ ನೀರು ಹರೀಬಹುದು. "ಬೆಳಿಗ್ಗೆ ಇದೇ ದಾರೀಲಿ ಹೋದೆ" ಅನ್ನೋದು ಸಂಜೆಗೆ ಸಾಕ್ಷಿ ಆಗೋದಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ದಾಟಿ ಮುಂದೆ ಹೋಯಿತು. ಒಣ ಕೆರೆಯಾದರೆ ಮಳೆ ನೀರು ಎಷ್ಟು ಬಂದರೂ ಕುಡಿಯುತ್ತೆ. ಮೊದಲೇ ನೀರಿರುವ ಕೆರೆ ಬೇಗ ತುಂಬುತ್ತೆ, ಬೇಗ ಕೋಡಿ ಹರಿಯುತ್ತೆ. ಹಳೇ ಲೆಕ್ಕ ಹಿಡಿದು ಹೋದರೆ ಆಗೋಲ್ಲ.

ನೀರಿನ ಬಲ ಎಷ್ಟು? ಲೆಕ್ಕ ಮಾಡೋಣ

ನೀವು ಗುಣಾಕಾರ ಕಲಿತಿದ್ದೀರಿ. ಸ್ಲೇಟು ತಗೊಳ್ಳಿ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒಂದು ಸಣ್ಣ ಕಾರಿನ ತಳ ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂದುಕೊಳ್ಳಿ. ಗುಣಿಸಿದರೆ ಸುಮಾರು 5 ಚದರ ಮೀಟರ್.

ನೀರು ಕಾರಿನ ತಳ ಮುಟ್ಟಿ, ಅಲ್ಲಿಂದ 10 ಸೆಂಟಿಮೀಟರ್ ಮೇಲೇರಿತು. ಆಗ ಕಾರು 500 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಿದ ಹಾಗಾಯಿತು. ಆ ನೀರು ಸುಮ್ಮನಿರುತ್ತಾ? ಅದು ಕಾರನ್ನು 500 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತೆ. ಬಿಂದಿಗೆಯನ್ನು ಬಾವಿ ನೀರಲ್ಲಿ ಅದುಮಿದರೆ ಮೇಲಕ್ಕೆ ತಳ್ಳುತ್ತಲ್ಲ, ಹಾಗೆ.

ಕಾರಿನ ತೂಕ 850 ಕಿಲೋ ಇರಲಿ. 850ರಲ್ಲಿ 500 ಕಳೆಯಿರಿ. ಉಳಿದದ್ದು 350. ಅಂದರೆ ಚಕ್ರ ನೆಲವನ್ನು ಒತ್ತೋದು 350 ಕಿಲೋ ಮಾತ್ರ. ನೀರು ಇನ್ನು 7 ಸೆಂಟಿಮೀಟರ್ ಏರಲಿ. ಉಳಿದದ್ದೂ ಹೋಯಿತು. ಕಾರು ತೇಲಿತು. ಈಗ ಸ್ಟೀರಿಂಗ್ ತಿರುಗಿಸಿ ಪ್ರಯೋಜನ ಇಲ್ಲ. ಬ್ರೇಕ್ ಒತ್ತಿ ಪ್ರಯೋಜನ ಇಲ್ಲ. ನೀರು ಹೋದ ಕಡೆ ಕಾರು ಹೋಗುತ್ತೆ.

ಈ ಅಳತೆಗಳನ್ನು ನೆನಪಿಡಿ.

ಅರ್ಧ ಅಡಿ ಹರಿಯುವ ನೀರು ನಿಂತ ಮನುಷ್ಯನನ್ನು ಬೀಳಿಸಬಹುದು.
ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಹುದು.
ಎರಡು ಅಡಿ ಹರಿಯುವ ನೀರು ಜೀಪಿನಂಥ ದೊಡ್ಡ ಗಾಡಿಯನ್ನೂ ಎಳೆದುಕೊಂಡು ಹೋಗಬಹುದು.

ಬೈಕಿನ ಮಾತು ಕೇಳಲೇಬೇಡಿ. ಅದು ನಿಂತಿರೋದೇ ಎರಡು ಚಕ್ರದ ಮೇಲೆ. ಪಕ್ಕದಿಂದ ತಳ್ಳಿದರೆ ಸಾಕು. ಟ್ರ್ಯಾಕ್ಟರ್ ಭಾರ, ಅದಕ್ಕೇನೂ ಆಗಲ್ಲ ಅಂತೀರಾ? ಎಂಜಿನ್ ಭಾರ ನಿಜ. ಹಿಂದಿನ ಟ್ರೈಲರ್ ತೊಟ್ಟಿಯ ಹಾಗೆ. ಅದನ್ನು ನೀರು ಎಳೆದರೆ ಎಂಜಿನ್ನೂ ಅದರ ಹಿಂದೆಯೇ. ಆ ತೊಟ್ಟಿಯಲ್ಲಿ ಕೂಲಿಗೆ ಹೋದ ಹೆಂಗಸರು, ಮಕ್ಕಳು ಇರ್ತಾರೆ.

ಇನ್ನೂ ಒಂದು ಕಣ್ಣಿಗೆ ಕಾಣದ ಅಪಾಯ ಇದೆ. ಕೆಂಪು ನೀರಿನ ಕೆಳಗೆ ರಸ್ತೆ ಇದೆ ಅಂತ ನಾವು ನಂಬ್ತೀವಿ. ಆದರೆ ಹರಿಯುವ ನೀರು ಮೊದಲು ರಸ್ತೆಯ ಅಂಚು ಕೊರೆಯುತ್ತೆ. ಆಮೇಲೆ ಮೋರಿ ಒಡೆಯುತ್ತೆ. ಮೇಲೆ ನೋಡಿದರೆ ನೀರು ಮಟ್ಟವಾಗಿಯೇ ಇರುತ್ತೆ. ಕೆಳಗೆ ಹಳ್ಳ ಬಿದ್ದಿರುತ್ತೆ.

ನಾಲ್ಕು ತಾಲ್ಲೂಕು, ನಾಲ್ಕು ಎಚ್ಚರ

ಕೋಲಾರ: ಪಟ್ಟಣದ ಪಕ್ಕದಲ್ಲೇ ಅಂತರಗಂಗೆ ಬೆಟ್ಟ. ಬಂಡೆಯ ಮೇಲೆ ಬಿದ್ದ ಮಳೆ ಇಂಗೋದಿಲ್ಲ. ಸೀದಾ ಕೆಳಗೆ ಇಳಿಯುತ್ತೆ. ಪೇಟೆಯ ತಗ್ಗು ರಸ್ತೆಗಳಲ್ಲಿ ಚರಂಡಿ ಯಾವುದು, ರಸ್ತೆ ಯಾವುದು ಗೊತ್ತಾಗಲ್ಲ. ನಿಂತ ನೀರಲ್ಲಿ ಬೈಕು ನಿಧಾನವಾಗಿ ತಳ್ಳಿಕೊಂಡು ಬನ್ನಿ. ಮುಂದೆ ಕೋಲು ಊರಿ ನೋಡಿ. ಮುಚ್ಚಳ ಇಲ್ಲದ ಗುಂಡಿ ಇರಬಹುದು. ನೀರು ಹರೀತಿದ್ದರೆ ಕೋಲು ಹಿಡಿದೂ ಇಳೀಬೇಡಿ.

ಮಾಲೂರು: ಇಟ್ಟಿಗೆ, ಹೆಂಚಿನ ಊರು. ಜೇಡಿಮಣ್ಣು ಲಾರಿಯಿಂದ ಉದುರಿ ರಸ್ತೆಗೆ ಬಿದ್ದಿರುತ್ತೆ. ಮೊದಲ ಹನಿ ಬಿದ್ದ ಕೂಡಲೇ ಅದು ಎಣ್ಣೆ ಹಾಗೆ ಜಾರುತ್ತೆ. ರೈಲು ಹಳಿ ಕೆಳಗಿನ ದಾರಿಗಳಲ್ಲೂ ನೀರು ನಿಲ್ಲುತ್ತೆ. ನೀರು ಎಷ್ಟಿದೆ ಅಂತ ಗೊತ್ತಾಗದಿದ್ದರೆ ಕೆಳಗೆ ಇಳೀಬೇಡಿ. ಸುತ್ತಿ ಹೋಗಿ. ದಕ್ಷಿಣ ಪಿನಾಕಿನಿ ಹೊಸಕೋಟೆ ಕಡೆಯಿಂದ ಬಂದು ಈ ತಾಲ್ಲೂಕು ದಾಟಿ ತಮಿಳುನಾಡಿಗೆ ಹೋಗುತ್ತೆ. ಮಳೆ ಮೇಲೆಲ್ಲೋ ಆಗಿದ್ದರೂ ನೀರು ಇಲ್ಲಿಗೆ ಬರುತ್ತೆ.

ಮುಳಬಾಗಿಲು: ತಿರುಪತಿಗೆ, ಚೆನ್ನೈಗೆ ಹೋಗೋ ಹೆದ್ದಾರಿ ಇಲ್ಲೇ ಹಾದು ನಂಗಲಿ ಮೇಲೆ ಆಂಧ್ರಕ್ಕೆ ಹೋಗುತ್ತೆ. ರಸ್ತೆ ಚೆನ್ನಾಗಿದೆ. ಅದೇ ಅಪಾಯ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಒಣ ರಸ್ತೆಯಲ್ಲಿ ನಿಲ್ಲೋ ದೂರ ಒದ್ದೆ ರಸ್ತೆಯಲ್ಲಿ ಎರಡರಷ್ಟು ಆಗಬಹುದು. ಟೈರಿನ ಗೆರೆ ಸವೆದಿದ್ದರೆ ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ಜಾರುತ್ತೆ. ವೇಗ ಇಳಿಸಿ. ಮುಂದಿನ ಗಾಡಿಗೆ ದೂರ ಬಿಡಿ. ಕುರುಡುಮಲೆ ಗಣಪನಿಗೆ ಕೈಮುಗಿದು ಹೊರಡೋರು ಹೊರಡಿ. ಹೊರಡೋ ಮುಂಚೆ ಟೈರು, ವೈಪರ್, ದೀಪ ನೋಡಿಕೊಳ್ಳಿ.

ಶ್ರೀನಿವಾಸಪುರ: ಮಾವಿನ ಸೀಮೆ. ಕಾಯಿ ಸಾಗಿಸೋ ಮೇ, ಜೂನ್ ತಿಂಗಳಲ್ಲೇ ಗಾಳಿ ಮಳೆ ಬರುತ್ತೆ. ಕೊಂಬೆ ಮುರಿಯುತ್ತೆ. ಕರೆಂಟ್ ತಂತಿ ಬೀಳುತ್ತೆ. ಮರದಡಿ ಗಾಡಿ ನಿಲ್ಲಿಸಬೇಡಿ. ತಂತಿ ಬಿದ್ದ ನೀರಿಗೆ ಕಾಲಿಡಬೇಡಿ. ರಾಯಲ್ಪಾಡು ಕಡೆ ಗುಡ್ಡದ ದಾರಿ. ಗುಡ್ಡದ ಹಳ್ಳದಲ್ಲಿ ನೀರು ಹೇಳಿ ಕೇಳಿ ಬರೋದಿಲ್ಲ. ಒಮ್ಮೆಗೇ ಬರುತ್ತೆ.

"ಮಾಲು ಕೆಡುತ್ತೆ" ಅನ್ನೋ ಮಾತು

ಡ್ರೈವರುಗಳಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಯಾಕೆ ನುಗ್ಗುತ್ತಾರೆ? ಹೊಟ್ಟೆಪಾಡು. ಟೊಮೆಟೊ ಮಂಡಿಗೆ ಹರಾಜಿನ ಹೊತ್ತಿಗೆ ಸೇರಬೇಕು. ತಡ ಆದರೆ ರೇಟು ಬೀಳುತ್ತೆ. ಈ ಭಯ ಸುಳ್ಳಲ್ಲ. ಅದನ್ನೂ ಲೆಕ್ಕ ಹಾಕೋಣ.

ಒಂದು ಟೆಂಪೊದಲ್ಲಿ 100 ಬಾಕ್ಸ್ ಇದೆ ಅಂದುಕೊಳ್ಳಿ. ಒಂದು ಬಾಕ್ಸಿಗೆ 300 ರೂಪಾಯಿ ಸಿಗಬೇಕಿತ್ತು. ತಡ ಆಗಿ 250ಕ್ಕೆ ಹೋಯಿತು. ಬಾಕ್ಸಿಗೆ 50 ರೂಪಾಯಿ ನಷ್ಟ. ನೂರು ಬಾಕ್ಸಿಗೆ 5,000 ರೂಪಾಯಿ ನಷ್ಟ. ಇದು ಸಣ್ಣ ಹಣ ಅಲ್ಲ. ಒಪ್ಪೋಣ.

ಈಗ ನೀರಿಗೆ ಇಳಿದರೆ ಏನು? ಎಂಜಿನ್ ಗಾಳಿ ಎಳೆದುಕೊಳ್ಳುತ್ತೆ. ಗಾಳಿ ಬರೋ ಬಾಯಿಗೆ ನೀರು ಹೋದರೆ ಒಳಗಿನ ಪಿಸ್ಟನ್ ನೀರನ್ನು ಒತ್ತೋಕೆ ನೋಡುತ್ತೆ. ಗಾಳಿ ಒತ್ತಿದರೆ ಕುಗ್ಗುತ್ತೆ. ನೀರು ಕುಗ್ಗೋದಿಲ್ಲ. ಒಳಗಿನ ರಾಡು ಬಗ್ಗುತ್ತೆ, ಮುರಿಯುತ್ತೆ. ರಿಪೇರಿ ಖರ್ಚು 5,000ಕ್ಕೆ ಮುಗಿಯೋದಿಲ್ಲ. ಗಾಡಿ ಕೊಚ್ಚಿ ಹೋದರೆ 30,000 ರೂಪಾಯಿ ಮಾಲೂ ಹೋಯಿತು, ಗಾಡಿಯೂ ಹೋಯಿತು. ಡ್ರೈವರ್ ಹೋದರೆ? ಆ ಕಾಲಂನಲ್ಲಿ ಬರೆಯೋಕೆ ಅಂಕಿ ಇಲ್ಲ.

ಅದಕ್ಕೇ ಮಾಲಿನ ಯಜಮಾನರಿಗೂ ಒಂದು ಮಾತು. ಮಳೆ ದಿನ "ಏನಾದ್ರೂ ಮಾಡಿ ತಲುಪಿಸು" ಅನ್ನಬೇಡಿ. "ನೀರಿದ್ದರೆ ನಿಲ್ಲಿಸು, ನಾನು ನೋಡ್ಕೋತೀನಿ" ಅನ್ನಿ. ಡ್ರೈವರಿಗೆ ಧೈರ್ಯ ಬರೋದು ಆ ಮಾತಿನಿಂದ.

ಏನು ಮಾಡಬೇಕು?

1. ಹೊರಡೋ ಮುಂಚೆ ಹವಾಮಾನ ಇಲಾಖೆಯ ಸೂಚನೆ ಕೇಳಿ. ಹಳದಿ ಅಂದರೆ ಎಚ್ಚರ. ಕಿತ್ತಳೆ ಅಂದರೆ ಸಿದ್ಧವಾಗಿರಿ. ಕೆಂಪು ಅಂದರೆ ಪ್ರಯಾಣ ಬೇಡ. ದಿನಕ್ಕೆ 204 ಮಿಲಿಮೀಟರ್ ಮೀರಿ ಮಳೆ ಬರುವ ಸೂಚನೆ ಇದ್ದರೆ ಕೆಂಪು ಬಣ್ಣ ಕೊಡ್ತಾರೆ. ನಮ್ಮ ವರ್ಷದ ಮಳೆಯ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ದಿನ ಸುರಿದ ಹಾಗೆ.

2. ರಸ್ತೆ ಮೇಲೆ ನೀರು ಹರೀತಿದ್ದರೆ ಗಾಡಿ ನಿಲ್ಲಿಸಿ, ತಿರುಗಿಸಿ. ಮುಂದಿನವನು ದಾಟಿದ ಅಂತ ನೀವು ದಾಟಬೇಡಿ. ಅವನು ಹೋದ ಮೇಲೆ ನೀರು ಏರಿರಬಹುದು.

3. ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿ ಕೋಡಿ ನೋಡಬೇಡಿ. ನೆನೆದ ಏರಿ ಅಂಚು ಕುಸಿಯುತ್ತೆ.

4. ಮಳೆಯಲ್ಲಿ ದೀಪ ಹಾಕಿ. ಬೆಳಕು ಕೆಳಗೆ ಬೀಳೋ ಹಾಗೆ ಡಿಮ್ ಮಾಡಿ. ಏನೂ ಕಾಣದಿದ್ದರೆ ಎತ್ತರದ ಜಾಗದಲ್ಲಿ, ರಸ್ತೆ ಬಿಟ್ಟು ನಿಲ್ಲಿಸಿ.

5. ನಿಂತ ನೀರಲ್ಲಿ ಬಂದ ಮೇಲೆ ಬ್ರೇಕ್ ಒದ್ದೆ ಆಗಿರುತ್ತೆ. ಸ್ವಲ್ಪ ದೂರ ನಿಧಾನವಾಗಿ ಹೋಗಿ. ಮೆಲ್ಲಗೆ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ.

6. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಮೊದಲು ಬೆಲ್ಟ್ ಬಿಚ್ಚಿ. ಕೂಡಲೇ ಕಿಟಕಿ ಗಾಜು ಇಳಿಸಿ. ನೀರು ಏರಿದ ಮೇಲೆ ಬಾಗಿಲು ತೆಗೆಯೋಕೆ ಆಗಲ್ಲ. ಹೊರಗಿನ ನೀರು ಅದುಮಿ ಹಿಡಿಯುತ್ತೆ. ಗಾಜು ಇಳಿಯದಿದ್ದರೆ ಸೀಟಿನ ತಲೆದಿಂಬು ಕಿತ್ತು ಅದರ ಕಬ್ಬಿಣದ ಕಡ್ಡಿಯಿಂದ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮಕ್ಕಳನ್ನು ಮೊದಲು ಹೊರಗೆ ಕಳಿಸಿ. ದಡ ದೂರ ಇದ್ದರೆ ಗಾಡಿ ಮೇಲೆ ಹತ್ತಿ ಕೂತು ಕೂಗಿ.

7. ಯಾರಾದರೂ ಸಿಕ್ಕಿಕೊಂಡಿದ್ದರೆ ನೀವು ನೀರಿಗೆ ಹಾರಬೇಡಿ. ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಸೀರೆ, ಪಂಚೆ ಗಂಟು ಹಾಕಿ ಎಸೆಯಿರಿ. 112ಕ್ಕೆ ಫೋನ್ ಮಾಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಆಂಬುಲೆನ್ಸ್ 108.

ಹತ್ತಿ ಕೂತವರ ಜವಾಬ್ದಾರಿ

ಅಕ್ಕಂದಿರೇ, "ನಾವೇನು ಗಾಡಿ ಓಡಿಸ್ತೀವಾ, ಇದೆಲ್ಲ ಗಂಡಸರಿಗೆ" ಅಂತ ಸುಮ್ಮನೆ ಕೂರಬೇಡಿ. ನಿಮ್ಮಲ್ಲಿ ಸ್ಕೂಟರ್ ಓಡಿಸೋರು ಇದ್ದೀರಿ. ಆಟೊದಲ್ಲಿ ಸಂತೆಗೆ ಹೋಗೋರು ಇದ್ದೀರಿ. ಮಕ್ಕಳನ್ನು ಶಾಲೆ ವ್ಯಾನಿಗೆ ಹತ್ತಿಸೋರು ನೀವೇ.

ಆಟೊ ಅಣ್ಣ ನೀರಿಗೆ ಇಳಿಸೋಕೆ ಹೊರಟರೆ "ನಿಲ್ಲಿಸಪ್ಪಾ, ನಾವು ಇಳೀತೀವಿ" ಅನ್ನಿ. ಅವನಿಗೆ ಬೇಜಾರಾದರೂ ಆಗಲಿ. ಶಾಲೆ ವ್ಯಾನು ಬರೋ ದಾರಿಯಲ್ಲಿ ಕೋಡಿ ಹರೀತಿದ್ದರೆ ಮಕ್ಕಳನ್ನು ಆ ದಿನ ಮನೆಯಲ್ಲೇ ಇರಿಸಿಕೊಳ್ಳಿ. ಒಂದು ದಿನದ ಪಾಠ ಇನ್ನೊಂದು ದಿನ ಕಲೀಬಹುದು.

ಇನ್ನೊಂದು ಮಾತು. ಮಳೆ ಬರ್ತಿರುವಾಗ ಮನೆಯಿಂದ ಫೋನ್ ಹೋಗುತ್ತೆ. "ಎಲ್ಲಿದ್ದೀಯಾ? ಇನ್ನೂ ಬಂದಿಲ್ವಾ? ಬೇಗ ಬಾ." ಪ್ರೀತಿಯಿಂದ ಹೇಳೋ ಮಾತೇ ಇದು. ಆದರೆ ಅದನ್ನು ಕೇಳಿದವನು ಆ ಕಡೆ ವೇಗ ಹೆಚ್ಚಿಸ್ತಾನೆ. ಅದರ ಬದಲು "ತಡ ಆದ್ರೂ ಪರವಾಗಿಲ್ಲ, ಅಲ್ಲೇ ಯಾರ ಮನೇಲಾದ್ರೂ ಉಳ್ಕೋ" ಅನ್ನಿ. ಈ ಒಂದು ಮಾತು ಒಂದು ಜೀವ ಉಳಿಸಬಹುದು.

ನೀರು ಕಂಡು ಹಿಂದೆ ತಿರುಗೋದು ಹೇಡಿತನ ಅಲ್ಲ. ಕೋಡಿ ನೀರು ಎಷ್ಟೋ ಸಲ ಒಂದು ದಿನಕ್ಕೆ ಇಳಿಯುತ್ತೆ. ಕಾಯೋರಿಗೆ ಹೋಗೋದು ಒಂದು ರಾತ್ರಿ ಮಾತ್ರ.

ಈ ವಾರದ ಕೆಲಸ

ನೀವೀಗ ಓದು ಬರಹ ಕಲಿತಿದ್ದೀರಿ. ಅದನ್ನು ಊರಿಗೆ ಉಪಯೋಗಿಸೋಣ. ನಿಮ್ಮ ಊರ ಸುತ್ತ ಮಳೆ ಬಂದಾಗ ನೀರು ದಾಟುವ ಜಾಗ ಎಷ್ಟಿವೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿ. ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಆ ಜಾಗಗಳಲ್ಲಿ ಅಡಿ ಗುರುತು ಹಾಕಿದ ಕಂಬ ನೆಡಿ, ರಸ್ತೆಯ ಎರಡೂ ಅಂಚಿಗೆ ಕಲ್ಲು ನಿಲ್ಲಿಸಿ ಅಂತ ಕೇಳಿ. ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಬೇಡ, ಸಹಿ.

ಕಂಬ ಬರೋವರೆಗೆ ಕಾಯಬೇಡಿ. ಪಂಚಾಯಿತಿಗೆ ತಿಳಿಸಿ, ಒಂದು ಹಲಗೆಗೆ ಸುಣ್ಣ ಬಳಿದು, ನಿಮ್ಮ ಕೈಯಿಂದಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಮಳೆ ಬಂದ ದಿನ ಆ ದಾರಿಯ ಎರಡೂ ಕಡೆ ಇಡಿ.

ಮುಂದೆ ನೀರು ಹರಿಯುತ್ತಿದೆ.
ಗಾಡಿ ತಿರುಗಿಸಿ.
ನಾಳೆ ಬನ್ನಿ.